ವಾಹನದ ಫ್ಯೂಸ್ ಪೆಟ್ಟಿಗೆಯೂ ಹೊಸ ಉಪಕರಣಗಳ ಜೋಡಣೆಯೂ

ಮನೆಗೆ ಹೊಸ ವಾಹನವೊಂದು ಬಂದಿತೆಂದರೆ ಅದರ ಬೆನ್ನಿಗೇ ಅದನ್ನು ಸಿಂಗರಿಸುವ ಆಸೆಯೂ ಬರುವುದು ಲೋಕರೂಢಿ. ಹಿಂದಿನ ಕಾಲದಲ್ಲಿ ಸವಾರಿ ಬಂಡಿಯ ಎತ್ತುಗಳಿಗೆ ಗೆಜ್ಜೆಸರ, ಕೊರಳಗಂಟೆ, ಬಣ್ಣದ ಜೂಲುಗಳನ್ನು ತೊಡಿಸಿ ಜನರು ಸಂತೋಷಪಡುತ್ತಿದ್ದರು. ಇಂದು ಕಾರು ಬಸ್ಸುಗಳ ಒಡೆಯರು ಮಂಜಿನಲ್ಲಿ ದಾರಿ ತೋರುವ ಫಾಗ್ ಲೈಟು, ಗಟ್ಟಿ ದನಿಯ ಹಾರನ್, ಸಂಗೀತದ ಸಾಧನ, ದಾರಿಯನ್ನು ಚಿತ್ರಿಸುವ ಕ್ಯಾಮೆರಾ, ಮೊಬೈಲ್ ಚಾರ್ಜರ್, ವಾಹನದ ನೆಲೆಯನ್ನು ತಿಳಿಸುವ ಜಿಪಿಎಸ್ ಮೊದಲಾದವನ್ನು ಜೋಡಿಸಿಕೊಳ್ಳುತ್ತಾರೆ. ಆಸೆ ಒಂದೇ ಆದರೂ ಅಂದಿಗೂ ಇಂದಿಗೂ ಒಂದು ದೊಡ್ಡ ಅಂತರವುಂಟು. ಎತ್ತಿನ ಕೊರಳಿಗೆ ಗಂಟೆ ಕಟ್ಟಿದ ಮಾತ್ರಕ್ಕೆ ಅದು ಹೆಚ್ಚಿನ ಮೇವನ್ನು ಬೇಡುತ್ತಿರಲಿಲ್ಲ. ವಾಹನಕ್ಕೆ ಜೋಡಿಸಿದ ಪ್ರತಿಯೊಂದು ಉಪಕರಣವಾದರೋ ವಿದ್ಯುತ್ತೆಂಬ ಆಹಾರವನ್ನು ಬೇಡಿಯೇ ಬೇಡುತ್ತದೆ. ಆ ಆಹಾರವನ್ನು ಎಲ್ಲಿಂದ ಪಡೆಯಬೇಕು, ಎಷ್ಟು ಪಡೆಯಬೇಕು, ಯಾವ ಕಾವಲಿನಲ್ಲಿ ಪಡೆಯಬೇಕು ಎಂಬ ವಿವೇಚನೆ ಇಲ್ಲದೆ ಹೋದರೆ ಶೃಂಗಾರಕ್ಕೆಂದು ತಂದದ್ದೇ ಅಗ್ನಿಗೆ ಆಹುತಿಯಾಗಲು ಕಾರಣವಾದೀತು. ಈ ವಿವೇಚನೆಯ ಕೇಂದ್ರದಲ್ಲಿರುವುದು ವಾಹನದ ಫ್ಯೂಸ್ ಪೆಟ್ಟಿಗೆ.

ಫ್ಯೂಸಿನ ಸ್ವರೂಪ

ಫ್ಯೂಸ್ ಎಂಬ ಶಬ್ದವು ‘ಕರಗಿಸು’ ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಬಂದುದು. ಕನ್ನಡದಲ್ಲಿ ಇದನ್ನು ‘ಕರಗುತಂತಿ’ ಎಂದು ಕರೆಯಬಹುದಾದರೂ ಜನರ ಬಾಯಲ್ಲಿ ನೆಲೆಗೊಂಡಿರುವ ಫ್ಯೂಸ್ ಎಂಬ ಮಾತೇ ಸುಗಮ. ಅಮೆರಿಕದ ಥಾಮಸ್ ಆಲ್ವ ಎಡಿಸನ್ನನು ತನ್ನ ವಿದ್ಯುದ್ವಿತರಣ ವ್ಯವಸ್ಥೆಯ ಅಂಗವಾಗಿ 1890ರಲ್ಲಿ ಇದಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ಹಳೆಯ ಮನೆಗಳಲ್ಲಿ ಮೀಟರಿನ ಪಕ್ಕದಲ್ಲಿದ್ದ ಪಿಂಗಾಣಿಯ ಫ್ಯೂಸನ್ನೂ, ಅದು ಹೋದಾಗ ದೀಪದ ಬೆಳಕಿನಲ್ಲಿ ಹಿರಿಯರು ಹೊಸ ತಂತಿ ಕಟ್ಟುತ್ತಿದ್ದುದನ್ನೂ ಕಾಣದವರು ವಿರಳ. ವಾಹನದಲ್ಲಿರುವುದೂ ಅದೇ ತತ್ತ್ವದ ವಸ್ತು.

ತಂತಿಯಲ್ಲಿ ಪ್ರವಾಹ ಹರಿದಾಗ ಉಷ್ಣವು ಹುಟ್ಟುತ್ತದೆ. ಆ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂಬುದು ಆಂಗ್ಲ ವಿಜ್ಞಾನಿ ಜೇಮ್ಸ್ ಜೌಲನು 1841ರಲ್ಲಿ ಪ್ರಕಟಿಸಿದ ನಿಯಮ. ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಮಡಿ. ಮುಮ್ಮಡಿಯಾದರೆ ಒಂಬತ್ತು ಮಡಿ. ಈ ಉಷ್ಣವನ್ನೇ ಎಚ್ಚರಿಕೆಯ ಘಂಟೆಯನ್ನಾಗಿ ಮಾಡಿಕೊಂಡಿರುವುದು ಫ್ಯೂಸಿನ ವೈಶಿಷ್ಟ್ಯ. ಇಡೀ ಮಾರ್ಗದಲ್ಲಿ ಅತ್ಯಂತ ದುರ್ಬಲವಾದ ತುಣುಕೊಂದನ್ನು ಉದ್ದೇಶಪೂರ್ವಕವಾಗಿ ಇರಿಸಿ, ಪ್ರವಾಹವು ಮಿತಿಮೀರಿದಾಗ ಮೊದಲು ಅದೇ ಕರಗಿ ಮಾರ್ಗವು ಕಡಿಯುವಂತೆ ಮಾಡಲಾಗಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಫ್ಯೂಸು ದೀಪವನ್ನೋ ರೇಡಿಯೋವನ್ನೋ ಕಾಪಾಡುವುದಕ್ಕಾಗಿ ಇದೆಯೆಂದು ಬಹುಜನರು ಭಾವಿಸುತ್ತಾರೆ. ವಾಸ್ತವವಾಗಿ ಅದು ಪ್ರಧಾನವಾಗಿ ಕಾಯುವುದು ತಂತಿಯನ್ನು. ವಾಹನದ ಲೋಹದ ಮೈಯೇ ಬ್ಯಾಟರಿಯ ಋಣಧ್ರುವಕ್ಕೆ ಸೇರಿದ ಮರಳುದಾರಿ. ಇದನ್ನೇ ರೂಢಿಯಲ್ಲಿ ಬಾಡಿ ಅರ್ಥ್ ಎನ್ನುತ್ತಾರೆ. ಧನ ತಂತಿಯ ಹೊದಿಕೆ ಎಲ್ಲಿಯಾದರೂ ತಗಡಿನ ಅಂಚಿಗೆ ಉಜ್ಜಿ ಹರಿದರೆ, ನಡುವೆ ಯಾವ ಉಪಕರಣದ ತಡೆಯೂ ಇಲ್ಲದೆ ಪ್ರವಾಹವು ನೇರವಾಗಿ ಮೈಗೆ ಹರಿಯುತ್ತದೆ. ಇಂಜಿನನ್ನು ಎಬ್ಬಿಸುವ ಬ್ಯಾಟರಿಯು ಅಂತಹ ಸಮಯದಲ್ಲಿ ನೂರಾರು ಆಂಪಿಯರುಗಳನ್ನು ಸುರಿಯಬಲ್ಲದು. ಫ್ಯೂಸಿದ್ದರೆ ಅದು ಕ್ಷಣಾರ್ಧದಲ್ಲಿ ಕರಗಿ ಅನಾಹುತ ತಪ್ಪುತ್ತದೆ. ಇಲ್ಲದಿದ್ದರೆ ತಂತಿಯೇ ಕೆಂಪಗೆ ಕಾದು ಸುತ್ತಲಿನ ಪ್ಲಾಸ್ಟಿಕ್ಕಿಗೂ ಆಸನದ ಬಟ್ಟೆಗೂ ಬೆಂಕಿ ಹಚ್ಚುತ್ತದೆ. ಆದುದರಿಂದ ಉಪಕರಣದ ಹೊರೆಗೆ ತಕ್ಕ ತಂತಿ, ತಂತಿಯ ಶಕ್ತಿಗೆ ತಕ್ಕ ಫ್ಯೂಸು ಎಂಬ ಸೂತ್ರವನ್ನು ಈ ವಿಷಯದ ಬೀಜಮಂತ್ರವೆಂದು ತಿಳಿಯಬೇಕು. ಮುಂದೆ ಬರುವುದೆಲ್ಲ ಈ ಸೂತ್ರದ ವಿವರಣೆಯೇ.

ಫ್ಯೂಸಿನ ಮೇಲೆ ಬರೆದ ಅಂಕಿಯ ಅರ್ಥವನ್ನೂ ಇಲ್ಲಿ ಅರಿಯಬೇಕು. 10 ಆಂಪಿಯರಿನ ಫ್ಯೂಸು 10 ದಾಟಿದೊಡನೆ ಕಡಿಯುವುದಿಲ್ಲ. ಅಂತರರಾಷ್ಟ್ರೀಯ ಮಾನದ ಪ್ರಕಾರ ವಾಹನದ ಅಲಗಿನ ಫ್ಯೂಸು ತನ್ನ ಅಂಕಿಯ ಶೇಕಡಾ 135ರಷ್ಟು ಪ್ರವಾಹವನ್ನು ಹತ್ತು ನಿಮಿಷಗಳವರೆಗೂ ತಾಳಿಕೊಳ್ಳಬಹುದು. ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ ಕರಗಲೇಬೇಕು. ಫ್ಯೂಸು ತಾಳುವ ಆ ಹತ್ತು ನಿಮಿಷವನ್ನು ತಂತಿಯೂ ತಾಳುವಂತಿರಬೇಕು. ಅಂತೆಯೇ ಎಡೆಬಿಡದೆ ಕೆಲಸಮಾಡುವ ಉಪಕರಣದ ಪ್ರವಾಹವು ಫ್ಯೂಸಿನ ಅಂಕಿಯ ಶೇಕಡಾ 80ನ್ನು ಮೀರದಂತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ.

ಪೆಟ್ಟಿಗೆಯ ರಚನೆ

ಕೆರೆಯ ನೀರು ತೂಬಿನಿಂದ ಹೊರಟು ಕಾಲುವೆಗಳಲ್ಲಿ ಹಂಚಿಹೋಗುವಂತೆ ಬ್ಯಾಟರಿಯ ವಿದ್ಯುತ್ತು ಫ್ಯೂಸ್ ಪೆಟ್ಟಿಗೆಗೆ ಬಂದು ಅಲ್ಲಿಂದ ಹಲವು ಕವಲುಗಳಾಗಿ ಒಡೆಯುತ್ತದೆ. ಒಂದೊಂದು ಕವಲಿಗೂ ಒಂದೊಂದು ಫ್ಯೂಸು ಕಾವಲಿರುತ್ತದೆ. ಕಾರುಗಳಲ್ಲಿ ಬ್ಯಾಟರಿಯು 12 ವೋಲ್ಟಿನದು. ಇಂಜಿನ್ ಓಡುತ್ತಿರುವಾಗ ಆಲ್ಟರ್ನೇಟರಿನ ಪುಷ್ಟಿಯಿಂದ ಅದು ಸುಮಾರು 14 ವೋಲ್ಟಿನವರೆಗೆ ಏರುತ್ತದೆ. ದೊಡ್ಡ ಬಸ್ಸು ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟನ್ನು ಪಡೆದಿರುತ್ತಾರೆ.

2014ರವರೆಗೂ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಫ್ಯೂಸುಗಳು ಬೆರಳೆಣಿಕೆಯಷ್ಟಿದ್ದವು. ಗಾಜಿನ ನಳಿಗೆಯೊಳಗೆ ತೆಳುತಂತಿಯನ್ನಿಟ್ಟ ಫ್ಯೂಸುಗಳು ಆ ಕಾಲದಲ್ಲಿ ರೂಢಿಯಲ್ಲಿದ್ದವು. ಎರಡು ಅಲಗುಗಳುಳ್ಳ ಪ್ಲಾಸ್ಟಿಕ್ ಮೈಯ ಇಂದಿನ ಫ್ಯೂಸನ್ನು ಅಮೆರಿಕದ ಲಿಟಲ್‌ಫ್ಯೂಸ್ ಸಂಸ್ಥೆಯು 1976ರಲ್ಲಿ ಬಳಕೆಗೆ ತಂದಿತು. ಅಕ್ಷರ ಬಾರದವರೂ ಗುರುತಿಸುವಂತೆ ಇದರ ಬಣ್ಣಗಳನ್ನು ಗೊತ್ತುಪಡಿಸಲಾಗಿದೆ. 5 ಆಂಪಿಯರಿಗೆ ತಿಳಿಕಂದು, 7.5ಕ್ಕೆ ಕಂದು, 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 25ಕ್ಕೆ ಬಿಳಿ ಅಥವಾ ಬಣ್ಣವಿಲ್ಲದ ಪಾರದರ್ಶಕ, 30ಕ್ಕೆ ಹಸಿರು. ಗಾತ್ರದಲ್ಲಿಯೂ ದೊಡ್ಡದು, ಸಣ್ಣದು, ಅತಿಸಣ್ಣದು ಎಂಬ ಭೇದಗಳಿವೆ. ಒಂದರ ಸ್ಥಾನದಲ್ಲಿ ಮತ್ತೊಂದು ಸರಿಯಾಗಿ ಕೂಡದು.

ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಪೆಟ್ಟಿಗೆಗಳು. ಒಂದು ಬಾನೆಟ್ಟಿನ ಕೆಳಗೆ ಬ್ಯಾಟರಿಯ ಬಳಿ. ಇನ್ನೊಂದು ಚಾಲಕನ ಮುಂದಿನ ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಯಾವ ಫ್ಯೂಸು ಯಾವ ಕವಲಿನದೆಂಬುದನ್ನು ಮುಚ್ಚಳದ ಒಳಮೈಯಲ್ಲಿಯೋ ವಾಹನದೊಡನೆ ಕೊಡುವ ಕೈಪಿಡಿಯಲ್ಲಿಯೋ ಚಿತ್ರಿಸಿರುತ್ತಾರೆ. ಈ ಕವಲುಗಳಲ್ಲಿಯೂ ಎರಡು ಜಾತಿ. ಕೆಲವು ಕೀಲಿ ತೆಗೆದರೂ ಸದಾ ಜೀವಂತ. ಕೆಲವು ಕೀಲಿ ತಿರುಗಿಸಿದಾಗ ಮಾತ್ರ ಎಚ್ಚರಗೊಳ್ಳತಕ್ಕವು. ಹೊಸ ಉಪಕರಣಕ್ಕೆ ಯಾವ ಜಾತಿಯ ಕವಲು ಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕು. ಫಾಗ್ ಲೈಟು, ಚಾರ್ಜರ್ ಮೊದಲಾದವು ಕೀಲಿಯೊಡನೆಯೇ ಮಲಗುವುದು ಕ್ಷೇಮ. ನಿಂತ ವಾಹನವನ್ನೂ ಕಾಯುವ ಕ್ಯಾಮೆರಾ ಕೇವಲ 0.3 ಆಂಪಿಯರನ್ನು ಕುಡಿದರೂ ಒಂದು ದಿನಕ್ಕೆ 7.2 ಆಂಪಿಯರ್-ಗಂಟೆಯಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಈ ಲೆಕ್ಕದಲ್ಲಿ ಐದು ದಿನಕ್ಕೆ ಬರಿದು. ಇಂಜಿನ್ ಎಬ್ಬಿಸಲಾರದ ಸ್ಥಿತಿಯಂತೂ ಅದಕ್ಕಿಂತ ಬಹಳ ಮೊದಲೇ ಬರುತ್ತದೆ.

ಹೊರೆಯ ಲೆಕ್ಕ

ಜೋಡಣೆಗೆ ಮೊದಲು ಮಾಡಬೇಕಾದ ಗಣಿತ ಅತಿ ಸರಳವಾದುದು. ಉಪಕರಣದ ಮೇಲೆ ನಮೂದಿಸಿದ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ತಲಾ 55 ವ್ಯಾಟಿನ ಎರಡು ಫಾಗ್ ಲೈಟುಗಳಿಗೆ 110 ವ್ಯಾಟ್. 12ರಿಂದ ಭಾಗಿಸಿದರೆ ಸುಮಾರು 9.2 ಆಂಪಿಯರ್. ಇದಕ್ಕೆ 10ರ ಫ್ಯೂಸು ಇಕ್ಕಟ್ಟು, 15ರದು ಯೋಗ್ಯ. ಇನ್ನು ತಂತಿ. 15ರ ಫ್ಯೂಸಿಗೆ ತಾಮ್ರದ ತಂತಿಯು 1.5 ಚದರ ಮಿಲಿಮೀಟರಿಗೆ ಕಡಿಮೆಯಿರಬಾರದು, 2.5 ಇದ್ದರೆ ಮತ್ತೂ ಒಳಿತು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ 0.5 ಚದರ ಮಿಲಿಮೀಟರಿನ ತಂತಿಯನ್ನೇ ನಾಲ್ಕು ಮೀಟರ್ ಎಳೆದರೆ ದೀಪವನ್ನು ಮುಟ್ಟುವ ಮೊದಲೇ ಸುಮಾರು ಒಂದೂಕಾಲು ವೋಲ್ಟ್ ನಷ್ಟವಾಗಿ ಬೆಳಕು ಮಂಕಾಗುತ್ತದೆ. ಆ ನಷ್ಟವೆಲ್ಲ ತಂತಿಯ ಬಿಸಿಯಾಗಿ ಪರಿಣಮಿಸುತ್ತದೆ. 2.5ರ ತಂತಿಯಲ್ಲಿ ನಷ್ಟ ಕಾಲು ವೋಲ್ಟ್ ಮಾತ್ರ.

ಇದರ ವಿಪರ್ಯಾಸವು ಅನೇಕ ವಾಹನಗಳಲ್ಲಿ ಕಾಣಸಿಗುತ್ತದೆ. ಮುಂದಿನ ದೀಪಗಳಲ್ಲಿರುವ 60 ವ್ಯಾಟಿನ ಬಲ್ಬುಗಳನ್ನು ತೆಗೆದು ಬೆಳಕು ಹೆಚ್ಚಲೆಂದು 100 ವ್ಯಾಟಿನವನ್ನು ಹಾಕುತ್ತಾರೆ. ಎರಡೂ ದೀಪಗಳ ಒಟ್ಟು ಪ್ರವಾಹ 10 ಆಂಪಿಯರಿನಿಂದ ಸುಮಾರು 17ಕ್ಕೆ ಏರುತ್ತದೆ. ಜೌಲನ ನಿಯಮದಂತೆ ತಂತಿಯ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಫ್ಯೂಸು ತನ್ನ ಧರ್ಮವನ್ನರಿತು ಕರಗುತ್ತದೆ. ಆಗ ‘ಫ್ಯೂಸು ಪದೇ ಪದೇ ಹೋಗುತ್ತದೆ’ ಎಂದು ಅದನ್ನೇ ದೂರಿ 30ರದನ್ನು ತುರುಕುತ್ತಾರೆ. ಇನ್ನೂ ಕೆಲವರು ತಾಮ್ರದ ತಂತಿಯ ಎಳೆಯನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ಸುತ್ತಿ ಕೈತೊಳೆದುಕೊಳ್ಳುತ್ತಾರೆ. ತಂತಿ ಅದೇ ಹಳೆಯ ತಂತಿ; ಅದರ ಕಾವಲುಗಾರನನ್ನು ಮಾತ್ರ ಓಡಿಸಿದಂತಾಯಿತು. ಕರಗುವ ಸರದಿ ಮುಂದಿನ ಸಲ ತಂತಿಯದು.

ಕವಲು ತೆಗೆಯುವ ಕ್ರಮ

ಪೆಟ್ಟಿಗೆಯಿಂದ ಕವಲು ತೆಗೆಯುವಲ್ಲಿ ರೂಢಿಯಲ್ಲಿರುವ ದೋಷಗಳು ಮುಖ್ಯವಾಗಿ ಎರಡು. ಹೊಸ ತಂತಿಯ ತುದಿಯನ್ನು ಹೆರೆದು ಫ್ಯೂಸಿನ ಅಲಗಿಗೆ ಸುತ್ತಿ ಅದರ ಸ್ಥಾನಕ್ಕೆ ಬಲವಾಗಿ ಒತ್ತುವುದು ಮೊದಲನೆಯದು. ಇದರಿಂದ ಒಳಗಿನ ಹಿಡಿಕೆಯು ಹಿಗ್ಗಿ ಸಡಿಲವಾಗುತ್ತದೆ. ಸಡಿಲವಾದ ಸಂಪರ್ಕದಲ್ಲಿ ತಡೆ ಹೆಚ್ಚಿ, ಫ್ಯೂಸು ಕರಗದೆಯೇ ಪೆಟ್ಟಿಗೆಯ ಪ್ಲಾಸ್ಟಿಕ್ ಬೇಯುತ್ತದೆ. ದಾರಿಯಲ್ಲಿ ಕಂಡ ಯಾವುದೋ ತಂತಿಯ ಹೊದಿಕೆಯನ್ನು ಕೊಯ್ದು ಅದಕ್ಕೆ ಹೊಸದನ್ನು ಹೊಸೆದು ಟೇಪು ಸುತ್ತುವುದು ಎರಡನೆಯದು. ಇಲ್ಲಿ ಹಳೆಯ ಕವಲಿನ ಮೇಲೆ ಹೊಸ ಹೊರೆ ಬೀಳುವುದಲ್ಲದೆ ಹೊಸ ತಂತಿಗೆ ತನ್ನದೆಂಬ ಕಾವಲೇ ಇರುವುದಿಲ್ಲ. ಇಂಜಿನ್ನಿನ ಬಿಸಿಗೆ ಟೇಪಿನ ಅಂಟು ಬಿಟ್ಟು ತಾಮ್ರ ಹೊರಬರುವುದು ಕೆಲವೇ ತಿಂಗಳ ಮಾತು.

ಇವೆರಡಕ್ಕೂ ಪರಿಹಾರವಾಗಿ ಫ್ಯೂಸ್ ಟ್ಯಾಪ್ ಎಂಬ ಸಣ್ಣ ಸಾಧನವು ಅಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಎರಡು ಫ್ಯೂಸುಗಳಿಗೆ ಸ್ಥಾನವಿದೆ. ಪೆಟ್ಟಿಗೆಯಿಂದ ತೆಗೆದ ಮೂಲ ಫ್ಯೂಸನ್ನು ಒಂದರಲ್ಲಿಯೂ ಹೊಸ ಉಪಕರಣದ ಫ್ಯೂಸನ್ನು ಇನ್ನೊಂದರಲ್ಲಿಯೂ ಕೂರಿಸಿ, ಇಡೀ ಸಾಧನವನ್ನು ಮೂಲ ಫ್ಯೂಸಿದ್ದ ಸ್ಥಳದಲ್ಲಿ ಸೇರಿಸಬೇಕು. ಹೀಗೆ ಹಳೆಯ ಕವಲಿಗೆ ಹಳೆಯ ಕಾವಲು, ಹೊಸ ಕವಲಿಗೆ ಹೊಸ ಕಾವಲು ದೊರೆಯುತ್ತದೆ. ಸಾಮಾನ್ಯವಾಗಿ 10 ಆಂಪಿಯರನ್ನು ಮೀರದ ಹೊರೆಗೆ ಮಾತ್ರ ಇದು ತಕ್ಕದ್ದು. ಕ್ಯಾಮೆರಾ, ಚಾರ್ಜರ್, ಜಿಪಿಎಸ್ ಮುಂತಾದ ಅಲ್ಪಾಹಾರಿಗಳಿಗೆ ಧಾರಾಳವಾಗಿ ಸಾಲುತ್ತದೆ.

ಇದರಲ್ಲಿಯೂ ದಿಕ್ಕನ್ನು ಅರಿಯಬೇಕು. ಫ್ಯೂಸಿನ ಸ್ಥಾನದಲ್ಲಿರುವ ಎರಡು ಹಿಡಿಕೆಗಳಲ್ಲಿ ಒಂದು ಬ್ಯಾಟರಿಯ ಕಡೆಯದು, ಇನ್ನೊಂದು ಉಪಕರಣದ ಕಡೆಯದು. ಮೂಲ ಫ್ಯೂಸನ್ನು ತೆಗೆದು, ಕೀಲಿ ತಿರುಗಿಸಿ, ಮಲ್ಟಿಮೀಟರಿನಿಂದ ಪರೀಕ್ಷಿಸಿದರೆ ವೋಲ್ಟ್ ತೋರುವ ಹಿಡಿಕೆಯೇ ಬ್ಯಾಟರಿಯ ಕಡೆಯದೆಂದು ತಿಳಿಯುತ್ತದೆ. ಟ್ಯಾಪಿನ ಎರಡು ಫ್ಯೂಸುಗಳಿಗೂ ಸಮಾನವಾದ ಅಲಗು ಆ ಹಿಡಿಕೆಗೆ ಸೇರಬೇಕು. ತಿರುವುಮುರುವಾದರೆ ಹೊಸ ಉಪಕರಣದ ಪ್ರವಾಹವೂ ಮೂಲ ಫ್ಯೂಸಿನ ಮೂಲಕವೇ ಹಾದು ಅದರ ಹೊರೆಯನ್ನು ಹೆಚ್ಚಿಸುತ್ತದೆ. ಉಪಕರಣಗಳು ಎರಡೂ ರೀತಿಯಲ್ಲಿ ನಡೆಯುವುದರಿಂದ ಈ ತಪ್ಪು ಹೊರಗೆ ಕಾಣುವುದಿಲ್ಲ. ಆದ್ದರಿಂದಲೇ ಪರೀಕ್ಷೆ ಅಗತ್ಯ.

ಈ ಪರೀಕ್ಷೆ ಮುಗಿದ ಮೇಲೆ ಕೀಲಿಯನ್ನು ತೆಗೆದು ಬ್ಯಾಟರಿಯ ಋಣಧ್ರುವವನ್ನು ಬಿಚ್ಚಿಟ್ಟು ಜೋಡಣೆಗೆ ತೊಡಗಬೇಕು. ಋಣವನ್ನೇ ಬಿಚ್ಚುವುದೇಕೆಂದರೆ, ಧನಧ್ರುವವನ್ನು ಬಿಚ್ಚುವಾಗ ಪಾನಾ ವಾಹನದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಋಣಧ್ರುವದ ಪಾನಾ ಮೈಗೆ ತಾಗಿದರೆ ಏನೂ ಆಗದು. ಮತ್ತೆ ಜೋಡಿಸುವಾಗ ಋಣವು ಕಡೆಯದಾಗಬೇಕು. ಅರ್ಥ್ ತಂತಿಯನ್ನು ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಲೋಹಕ್ಕೆ ಬೋಲ್ಟಿನಿಂದ ಬಿಗಿಯಬೇಕು. ತಂತಿಯು ತಗಡನ್ನು ತೂರಿಹೋಗುವಲ್ಲಿ ರಬ್ಬರಿನ ಬಳೆಯಿರಬೇಕು. ಪೆಡಲುಗಳಿಂದಲೂ ಬಿಸಿಯಾದ ಕೊಳವೆಗಳಿಂದಲೂ ಅದು ದೂರವಿರಬೇಕು.

ರಿಲೇ ಎಂಬ ಮಧ್ಯವರ್ತಿ

ಫಾಗ್ ಲೈಟು, ಜೋಡಿ ಹಾರನ್ ಮೊದಲಾದ ಬಹ್ವಾಹಾರಿಗಳಿಗೆ ಪೆಟ್ಟಿಗೆಯ ಕವಲು ಸಾಲದು. ಅವಕ್ಕೆ ಬ್ಯಾಟರಿಯಿಂದಲೇ ದಪ್ಪ ತಂತಿಯನ್ನು ತರಬೇಕು. ಆ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸನ್ನು ಹಾಕಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಣ ತಂತಿ ಯಾರ ಕಾವಲೂ ಇಲ್ಲದ್ದಾದುದರಿಂದ ಅದು ಎಷ್ಟು ಗಿಡ್ಡವಾದರೆ ಅಷ್ಟು ಕ್ಷೇಮ. ದೀಪದ ಬಳಿ ಫ್ಯೂಸನ್ನಿಟ್ಟು ನಡುವಿನ ಎರಡು ಮೀಟರ್ ತಂತಿಯನ್ನು ಅನಾಥವಾಗಿ ಬಿಡುವುದು ಊರ ಹೆಬ್ಬಾಗಿಲನ್ನು ತೆರೆದಿಟ್ಟು ದೇವರಕೋಣೆಗೆ ಬೀಗ ಹಾಕಿದಂತೆ.

ಈ ದೊಡ್ಡ ಪ್ರವಾಹವನ್ನು ಚಾಲಕನ ಮುಂದಿನ ಪುಟ್ಟ ಸ್ವಿಚ್ಚಿನ ಮೂಲಕ ಹರಿಸದೆ ರಿಲೇಯ ಮೂಲಕ ಹರಿಸಬೇಕು. ರಿಲೇಯೊಳಗಿನ ವಿದ್ಯುತ್ಕಾಂತವು ಅರ್ಧ ಆಂಪಿಯರಿಗಿಂತಲೂ ಕಡಿಮೆ ಪ್ರವಾಹದಿಂದ ಎಚ್ಚೆತ್ತು ದೊಡ್ಡ ಪ್ರವಾಹದ ಬಾಗಿಲನ್ನು ಎಳೆದು ಮುಚ್ಚುತ್ತದೆ. ಅದರ ಕಾಲುಗಳ ಮೇಲೆ ಅಂಕಿಗಳಿರುತ್ತವೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ತಂತಿ, 87ಕ್ಕೆ ದೀಪಕ್ಕೆ ಹೋಗುವ ತಂತಿ, 85 ಮತ್ತು 86ಕ್ಕೆ ಅರ್ಥ್ ಹಾಗೂ ಸ್ವಿಚ್ಚಿನ ಎಳೆ. ಸ್ವಿಚ್ಚಿನ ಎಳೆಯನ್ನು ಕೀಲಿಯೊಡನೆ ಎಚ್ಚರಗೊಳ್ಳುವ ಕವಲಿನಿಂದ ಫ್ಯೂಸ್ ಟ್ಯಾಪಿನ ಮೂಲಕ ಪಡೆಯಬಹುದು.

ಮುಟ್ಟಬಾರದ ಸ್ಥಾನಗಳು

ಪೆಟ್ಟಿಗೆಯ ಎಲ್ಲ ಫ್ಯೂಸುಗಳೂ ಕವಲಿಗೆ ಯೋಗ್ಯವಲ್ಲ. ಅಪಘಾತದಲ್ಲಿ ಉಬ್ಬಿ ಪ್ರಾಣ ಕಾಯುವ ಏರ್‌ಬ್ಯಾಗು, ಬ್ರೇಕಿನ ಹಿಡಿತವನ್ನು ನಿಯಂತ್ರಿಸುವ ಎಬಿಎಸ್, ಇಂಜಿನ್ನಿನ ಗಣಕ, ಇಂಧನದ ಪಂಪು ಇವುಗಳ ಕವಲುಗಳನ್ನು ಸರ್ವಥಾ ಮುಟ್ಟಬಾರದು. ರೇಡಿಯೋ, ಸಿಗರೇಟ್ ಲೈಟರಿನ ಸಾಕೆಟ್ಟು ಮೊದಲಾದ, ನಿಂತುಹೋದರೂ ಪ್ರಯಾಣಕ್ಕೆ ಕೇಡಿಲ್ಲದ ಕವಲುಗಳನ್ನೇ ಆರಿಸಬೇಕು. ವಿದ್ಯುತ್ ವಾಹನಗಳಲ್ಲಿಯೂ ಹೈಬ್ರಿಡ್ ವಾಹನಗಳಲ್ಲಿಯೂ ಕಿತ್ತಳೆ ಬಣ್ಣದ ಹೊದಿಕೆಯುಳ್ಳ ತಂತಿಗಳಲ್ಲಿ ನೂರಾರು ವೋಲ್ಟುಗಳಿರುತ್ತವೆ. ಅವುಗಳ ಸಮೀಪಕ್ಕೆ ತರಬೇತಿಯಿಲ್ಲದವರ ಕೈ ಹೋಗಬಾರದು.

ಕಾನೂನಿನ ಎಲ್ಲೆಯೂ ಒಂದುಂಟು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ನಿಯಮಗಳ 119ನೆಯದು ಹಲವು ಸ್ವರಗಳ, ಕರ್ಕಶ ಧ್ವನಿಯ ಹಾರನ್ನುಗಳನ್ನು ನಿಷೇಧಿಸುತ್ತದೆ. ವೈರಿಂಗ್ ಕೊಯ್ದ ವಾಹನಕ್ಕೆ ತಯಾರಕರ ಖಾತರಿಯೂ ತಪ್ಪಿಹೋಗಬಹುದು.

ಶಾಲೆಯ ವಾಹನ

ಇದುವರೆಗೆ ಹೇಳಿದುದೆಲ್ಲ ಇಮ್ಮಡಿ ಮಹತ್ತ್ವವನ್ನು ಪಡೆಯುವುದು ಮಕ್ಕಳನ್ನು ಕರೆದೊಯ್ಯುವ ಬಸ್ಸಿನಲ್ಲಿ. ಕಾರಿನಲ್ಲಿ ಹೊಗೆ ಕಂಡರೆ ನಾಲ್ವರು ಕ್ಷಣದಲ್ಲಿ ಹೊರಗಿಳಿಯಬಹುದು. ನಲವತ್ತು ಮಕ್ಕಳು ಒಂದೇ ಬಾಗಿಲಿನ ಕಡೆಗೆ ಧಾವಿಸುವ ಬಸ್ಸಿನಲ್ಲಿ ಒಂದೊಂದು ಕ್ಷಣವೂ ಅಮೂಲ್ಯ. ಈಗ ಶಾಲಾ ವಾಹನಗಳಿಗೆ ಜಿಪಿಎಸ್, ಕ್ಯಾಮೆರಾಗಳು, ಒಳದೀಪಗಳು, ಧ್ವನಿವರ್ಧಕ ಎಂದು ಒಂದರ ಹಿಂದೊಂದು ಸೇರುತ್ತಿರುವುದರಿಂದ, ಒಬ್ಬೊಬ್ಬರು ಒಂದೊಂದು ವರ್ಷ ಎಳೆದ ತಂತಿಗಳು ಡ್ಯಾಶ್‌ಬೋರ್ಡಿನ ಕೆಳಗೆ ಬಿದಿರಮೆಳೆಯಂತೆ ಹೆಣೆದುಕೊಳ್ಳುತ್ತವೆ.

24 ವೋಲ್ಟಿನ ಬಸ್ಸಿನಲ್ಲಿ ಮತ್ತೊಂದು ತೊಡಕೂ ಉಂಟು. 12 ವೋಲ್ಟಿನ ಸಂಗೀತಸಾಧನವನ್ನು ಕೂರಿಸಬೇಕಾದಾಗ, ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಎಳೆ ತೆಗೆಯುವ ಸುಲಭೋಪಾಯವನ್ನು ಕೆಲವರು ಹಿಡಿಯುತ್ತಾರೆ. ಒಂದೇ ನೊಗದ ಎರಡು ಎತ್ತುಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚಿನ ದುಡಿಮೆ ಹೇರಿದಂತೆ ಆ ಬ್ಯಾಟರಿ ಸದಾ ಬಳಲಿರುತ್ತದೆ. ಜೊತೆಯದು ಅತಿಯಾಗಿ ತುಂಬಿ ಕಾದು ಕೆಡುತ್ತದೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರನ್ನು ತಕ್ಕ ಫ್ಯೂಸಿನೊಡನೆ ಜೋಡಿಸುವುದೇ ಸರಿಯಾದ ಮಾರ್ಗ.

ವಿದ್ಯಾಸಂಸ್ಥೆಗೆ ವಾಹನವನ್ನೋ ವಾಹನಕ್ಕೆ ಉಪಕರಣಗಳನ್ನೋ ಕೊಡಮಾಡುವ ಉದಾರಿಗಳು ಉಪಕರಣದ ಬೆಲೆಯೊಡನೆ ತಕ್ಕ ತಂತಿ, ಫ್ಯೂಸು, ರಿಲೇ ಮತ್ತು ನುರಿತ ಆಟೋ ಎಲೆಕ್ಟ್ರಿಷಿಯನ್ನನ ಕೂಲಿಯನ್ನೂ ಸೇರಿಸಿ ಕೊಟ್ಟರೆ ಆ ದಾನವು ಪೂರ್ಣವಾಗುತ್ತದೆ. ಯಾವ ಕವಲನ್ನು ಎಲ್ಲಿಂದ ತೆಗೆಯಲಾಗಿದೆ, ಅದರ ಫ್ಯೂಸು ಎಷ್ಟರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವಾಹನದ ಕಾಗದಪತ್ರಗಳೊಡನೆ ಇರಿಸಿದರೆ ಮುಂದೆ ಬರುವ ಚಾಲಕನಿಗೂ ಮೇಸ್ತ್ರಿಗೂ ಉಪಕಾರ. ಪ್ರತಿ ವರ್ಷ ಶಾಲೆ ತೆರೆಯುವ ಮುನ್ನ ಪೆಟ್ಟಿಗೆಯ ಮುಚ್ಚಳ ತೆಗೆದು ಕಪ್ಪಾದ, ಸಡಿಲವಾದ, ಅಂಕಿ ಬದಲಾದ ಫ್ಯೂಸುಗಳಿವೆಯೇ ಎಂದು ನೋಡುವುದು ಅರ್ಧ ಗಂಟೆಯ ಕೆಲಸ. ಹತ್ತನೆಯ ತರಗತಿಯಲ್ಲಿ ಜೌಲನ ನಿಯಮವನ್ನು ಬೋಧಿಸುವ ಅಧ್ಯಾಪಕರು ಶಾಲೆಯ ಬಸ್ಸಿನ ಫ್ಯೂಸ್ ಪೆಟ್ಟಿಗೆಯನ್ನೇ ಮಕ್ಕಳಿಗೆ ತೋರಿಸಿದರೆ ಪಾಠವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಆ ಮಕ್ಕಳು ನಾಳೆ ವಾಹನದ ಒಡೆಯರಾದಾಗ ಅವರ ಕೈ ಬೆಳ್ಳಿಕಾಗದದ ಕಡೆಗೆ ಹೋಗುವುದೂ ಇಲ್ಲ.

ಕರಗಿದ ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ಅದು ಕರಗಿತೆಂದರೆ ಎಲ್ಲಿಯೋ ಒಂದು ತಂತಿ ಉಳಿಯಿತೆಂದು ಅರ್ಥ. ಅದರ ಜಾಗದಲ್ಲಿ ಇನ್ನೊಂದನ್ನು ಹಾಕುವ ಮುನ್ನ ಅದು ಕರಗಿದ್ದೇಕೆಂದು ಕೇಳಿ ತಿಳಿಯುವುದು, ಹಾಕುವಾಗ ಅದೇ ಅಂಕಿಯದನ್ನೇ ಹಾಕುವುದು, ಇಷ್ಟನ್ನು ಪಾಲಿಸಿದವನ ವಾಹನದಲ್ಲಿ ಕುಳಿತವರು ನಿಶ್ಚಿಂತೆಯಿಂದ ಊರು ಸೇರುತ್ತಾರೆ.